ನೀರಿನ ಕಡೆಯಿಂದ ಬಂದವರಿಗೆ

ಪ್ರವಾಸಿ ಊರುಗಳ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಕಾರಿನಲ್ಲಿ ಬಂದು, ಪಾರ್ಕಿಂಗ್ ಹುಡುಕಿ, ಇಳಿದು, ನೋಡಿ ಬರೆದಿರುತ್ತಾರೆ. ಹಾಗಾಗಿ ಸರೋವರದ ದಡದಲ್ಲಿರೋ ಊರು ಕೂಡ ಅವರ ಬರಹದಲ್ಲಿ ಹೆದ್ದಾರಿಯಿಂದ ಶುರುವಾಗಿ ನೀರಿನ ಹತ್ತಿರ ಮುಗಿದುಹೋಗುತ್ತೆ. ದೋಣಿಯಲ್ಲಿ ಬಂದವರಿಗೆ ಅದೇ ಊರು ಉಲ್ಟಾ. ಅವರಿಗೆ ನೀರೇ ಹೆದ್ದಾರಿ, ದಡವೇ ಊರಬಾಗಿಲು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿರೋ ಬರ್ಲಿಂಗ್ಟನ್ ಊರನ್ನು ಈ ಉಲ್ಟಾ ಕಡೆಯಿಂದ ನೋಡಿ ಒಂದಿಷ್ಟು ಹೊಗಳಬೇಕು, ಒಂದಿಷ್ಟು ಬೈಯಬೇಕು ಅನ್ನಿಸಿದೆ.

ಊರು ದೊಡ್ಡದೇನಲ್ಲ. ಸುಮಾರು 45 ಸಾವಿರ ಜನ. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರ. ಆದರೆ ವರ್ಮಾಂಟಿಗೆ ಇದೇ ಅತಿ ದೊಡ್ಡ ನಗರ. ಪಕ್ಕದ ಎಸೆಕ್ಸ್ ಜಂಕ್ಷನ್‌ನಲ್ಲಿ ಚಿಪ್ ಕಾರ್ಖಾನೆ ಇದೆ. ಮೊದಲು ಐಬಿಎಂನವರದು, 2015ರಿಂದ ಗ್ಲೋಬಲ್‌ಫೌಂಡ್ರೀಸ್‌ನವರದು. ಹಾಗಾಗಿ ನಮ್ಮ ಕಡೆಯ ಇಂಜಿನಿಯರುಗಳಿಗೆ ಈ ಊರಿನ ಹೆಸರು ತೀರಾ ಹೊಸದಲ್ಲ. ಊರಿಂದ ಅಪ್ಪ ಅಮ್ಮ ಬಂದರೆ ಕರೆದುಕೊಂಡು ಹೋಗಿ ತೋರಿಸೋ ಜಾಗವೂ ಇದೇ: ದಡದ ಹಲಗೆ ದಾರಿ, ಅಲ್ಲಿ ಸಾಲಾಗಿ ತೂಗುಹಾಕಿರೋ ಉಯ್ಯಾಲೆಗಳು, ಎದುರಿಗೆ ಶಾಂಪ್ಲೇನ್ ಸರೋವರ, ಅದರಾಚೆ ನ್ಯೂಯಾರ್ಕ್ ರಾಜ್ಯದ ಅಡಿರಾಂಡ್ಯಾಕ್ ಬೆಟ್ಟಗಳ ಹಿಂದೆ ಮುಳುಗೋ ಸೂರ್ಯ. ಫೋಟೋ ಚೆನ್ನಾಗಿ ಬರುತ್ತೆ, ಅದರಲ್ಲಿ ಎರಡು ಮಾತಿಲ್ಲ.

ಸರೋವರ ಅಂದರೆ ನಮ್ಮೂರ ಕೆರೆ ಥರ ಅಂದ್ಕೋಬೇಡಿ. ಉದ್ದ ಸುಮಾರು 190 ಕಿಲೋಮೀಟರ್. ಅಗಲ, ಅತಿ ಹೆಚ್ಚು ಇರೋ ಕಡೆ 19 ಕಿಲೋಮೀಟರ್. ಅತಿ ಆಳದ ಜಾಗದಲ್ಲಿ 120 ಮೀಟರ್. ತೆಂಕಣ ತುದಿಯಿಂದ ಶಾಂಪ್ಲೇನ್ ಕಾಲುವೆ ಹಿಡಿದು ಹೋದರೆ ಹಡ್ಸನ್ ನದಿ, ಅಲ್ಲಿಂದ ನೆಟ್ಟಗೆ ನ್ಯೂಯಾರ್ಕ್ ನಗರ. ಬಡಗಣ ತುದಿಯಿಂದ ರಿಶೆಲ್ಯೂ ನದಿ, ಶಾಂಬ್ಲಿ ಕಾಲುವೆ ದಾಟಿದರೆ ಕೆನಡಾದ ಸೇಂಟ್ ಲಾರೆನ್ಸ್ ನದಿ. ಮೊದಲನೇ ಕಾಲುವೆ 1823ರದು, ಎರಡನೆಯದು 1843ರದು. ಅಂದರೆ ಈ ಊರಿಗೆ ದೋಣಿಯಲ್ಲಿ ಬರೋದು ಅನ್ನೋದು ವೀಕೆಂಡಿನ ಶೋಕಿ ಮಾತ್ರ ಅಲ್ಲ. ಇನ್ನೂರು ವರ್ಷದಿಂದ ಇದು ನಡೆಯೋ ರಸ್ತೆ. ಒಂದು ಕಾಲದಲ್ಲಿ ಕೆನಡಾದ ಮರ ಇಲ್ಲಿ ಬಂದು ಇಳಿದು, ಸೀಳಿ, ಹಲಗೆಯಾಗಿ ಮುಂದಕ್ಕೆ ಹೋಗುತ್ತಿತ್ತು. ಈಗ ಮರದ ಜಾಗದಲ್ಲಿ ಮನುಷ್ಯರು ಬರುತ್ತಾರೆ. ಕ್ವಿಬೆಕ್‌ನಿಂದ ಫ್ರೆಂಚ್ ಮಾತಾಡುವವರು, ದಕ್ಷಿಣದಿಂದ ಸೇತುವೆಗಳ ಕೆಳಗೆ ನುಸುಳೋಕೆ ಹಾಯಿ ಕಂಬ ಬಿಚ್ಚಿ ಮಲಗಿಸಿಕೊಂಡು ಬಂದವರು.

ಹೀಗೆ ಎರಡು ಮೂರು ದಿನ ನೀರಿನ ಮೇಲಿದ್ದು ಬಂದವರಿಗೆ ಮೊದಲು ಬೇಕಾಗಿದ್ದೇನು? ಸೂರ್ಯಾಸ್ತ ಅಲ್ಲ ಸ್ವಾಮಿ. ಅದನ್ನು ಅವರು ದಿನಾ ನೋಡಿರುತ್ತಾರೆ, ಯಾವ ಉಯ್ಯಾಲೆಯ ಹಂಗೂ ಇಲ್ಲದೆ. ಅವರಿಗೆ ಬೇಕಾಗಿರೋದು ಗಾಳಿ ತಾಗದ ಜಾಗ, ಹಗ್ಗ ಕಟ್ಟೋಕೆ ಗೂಟ, ಬಿಸಿನೀರಿನ ಸ್ನಾನ, ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡೋ ಪಂಪು, ಐಸು, ಹಾಲು, ಬ್ರೆಡ್ಡು, ಎರಡು ಜೊತೆ ಒಗೆದ ಬಟ್ಟೆ. ಇಷ್ಟಾದ ಮೇಲೆ ಮ್ಯೂಸಿಯಂ, ಸಂಗೀತ, ಐಸ್‌ಕ್ರೀಮು. ದಡದ ಆಕರ್ಷಣೆ ಅನ್ನೋ ಪಟ್ಟಿಯಲ್ಲಿ ಸಾಮಾನ್ಯವಾಗಿ ಬರೀ ಎರಡನೇ ಕಂತು ಇರುತ್ತೆ. ಮೊದಲನೇ ಕಂತನ್ನು ಯಾರೂ ಆಕರ್ಷಣೆ ಅಂತ ಕರೆಯಲ್ಲ.

ಗಾಳಿಯ ವಿಷಯದಲ್ಲಿ ಬರ್ಲಿಂಗ್ಟನ್‌ಗೆ ಪೂರ್ತಿ ಅಂಕ ಕೊಡಬೇಕು, ಆದರೆ ಅದು ಈಗಿನವರಿಗಲ್ಲ, 1830ರ ದಶಕದವರಿಗೆ. ಪಶ್ಚಿಮದ ಗಾಳಿ ಬೀಸಿದರೆ ಸರೋವರದ ಪೂರಾ ಅಗಲ ಅದಕ್ಕೆ ಓಟದ ಬಯಲು. ಅದಕ್ಕೇ ಆ ಕಾಲದಲ್ಲೇ ದಡದಿಂದ ದೂರದಲ್ಲಿ ಕಲ್ಲಿನ ಅಲೆತಡೆ ಗೋಡೆ ಕಟ್ಟೋಕೆ ಶುರು ಮಾಡಿದರು. ಈಗಲೂ ಅದೇ ಗೋಡೆ, ಅದರ ಎರಡು ತುದಿಗೆ ಎರಡು ಪುಟ್ಟ ದೀಪಸ್ತಂಭ. ಆ ಗೋಡೆಯ ಒಳಗೆ ಬಂದಾಗ ದೋಣಿ ಕುಲುಕೋದು ನಿಲ್ಲುತ್ತಲ್ಲ, ಆ ಕ್ಷಣಕ್ಕೆ ಸಮನಾದ ಆಕರ್ಷಣೆ ಈ ಊರಲ್ಲಿ ಇನ್ನೊಂದಿಲ್ಲ. ಕಾರಿನವರಿಗೆ ಅದು ಗೊತ್ತಾಗೋದೂ ಇಲ್ಲ, ಪಾಪ.

ಒಳಗೆ ಬಂದ ಮೇಲೆ ಕಾಣೋದು ಕಮ್ಯುನಿಟಿ ಬೋಟ್‌ಹೌಸ್. 1988ರಲ್ಲಿ ನಗರಸಭೆಯೇ ಕಟ್ಟಿದ್ದು, ನೀರಿನ ಮೇಲೆ ತೇಲೋ ಎರಡಂತಸ್ತಿನ ಕಟ್ಟಡ. ನನಗೆ ಇಡೀ ದಡದಲ್ಲಿ ಅತಿ ಹೆಚ್ಚು ಇಷ್ಟವಾದ ಕಟ್ಟಡ ಇದು. ಹಳೇ ಕಾಲದ ದೋಣಿ ಕ್ಲಬ್ಬಿನ ಆಕಾರ ಇದೆ, ಆದರೆ ಕ್ಲಬ್ಬಿನ ಗೇಟು ಇಲ್ಲ. ಮೆಂಬರು ಯಾರು, ಅತಿಥಿ ಯಾರು ಅಂತ ಕೇಳೋ ಕಾವಲುಗಾರ ಇಲ್ಲ. ದೋಣಿ ಕಟ್ಟಿದವರು ಬಾಡಿಗೆ ಕೊಡುತ್ತಾರೆ, ಸುಮ್ಮನೆ ನಡೆದು ಬಂದವರು ಕಟಕಟೆಗೆ ಒರಗಿ ನಿಂತು ನೋಡುತ್ತಾರೆ. ಇಬ್ಬರಿಗೂ ಒಂದೇ ಹಲಗೆ. ಹೆಸರಲ್ಲಿ ಕಮ್ಯುನಿಟಿ ಅಂತ ಇಟ್ಟುಕೊಂಡು ಒಳಗೆ ಬಿಡದ ಎಷ್ಟೋ ಕಟ್ಟಡಗಳನ್ನು ನಾವು ಬೆಂಗಳೂರಲ್ಲೂ ನೋಡಿದ್ದೀವಿ, ಹಾಗಾಗಿ ಇದನ್ನು ಎತ್ತಿ ಹೇಳಿದೆ.

ಇದರ ಪಕ್ಕದಲ್ಲೇ ಎಕೋ ಅನ್ನೋ ವಿಜ್ಞಾನ ಕೇಂದ್ರ, 2003ರದು. ಸೆನೆಟರ್ ಆಗಿದ್ದ ಪ್ಯಾಟ್ರಿಕ್ ಲೇಹಿ ಹೆಸರು ಅದಕ್ಕಿದೆ. ಇದೇ ಲೇಹಿ 1998ರಲ್ಲಿ ಒಂದು ಮಸೂದೆಯಲ್ಲಿ ಸಾಲೊಂದನ್ನು ಸೇರಿಸಿ ಶಾಂಪ್ಲೇನನ್ನು ಅಮೆರಿಕದ 'ಮಹಾ ಸರೋವರ'ಗಳ ಪಟ್ಟಿಗೆ ಹಾಕಿಸಿಬಿಟ್ಟಿದ್ದರು. ಮಿಷಿಗನ್ ಕಡೆಯವರು ಗಲಾಟೆ ಎಬ್ಬಿಸಿ, 18 ದಿನಕ್ಕೇ ಆ ಪಟ್ಟ ಕಿತ್ತುಕೊಂಡರು. ಇರಲಿ. ಎಕೋ ಚಿಕ್ಕದು, ಮಕ್ಕಳಿರೋ ದೋಣಿಯವರಿಗೆ ಮಳೆ ದಿನ ಕಳೆಯೋಕೆ ಹೇಳಿ ಮಾಡಿಸಿದ ಹಾಗಿದೆ. ಅದರ ದೊಡ್ಡತನ ಏನಂದ್ರೆ, ಎಲ್ಲಿಂದಲೋ ಶಾರ್ಕ್ ತಂದು ಗಾಜಿನಲ್ಲಿ ಹಾಕಿ ಬೆರಗು ಹುಟ್ಟಿಸೋಕೆ ಹೋಗಿಲ್ಲ. ಕಿಟಕಿಯಾಚೆ ಇರೋ ಸರೋವರದ್ದೇ ಮೀನು, ಆಮೆ, ಕೆಸರು. ಈಗಷ್ಟೇ ದಾಟಿ ಬಂದ ನೀರಿನೊಳಗೆ ಏನಿತ್ತು ಅಂತ ತೋರಿಸುತ್ತೆ. ಸರೋವರದಲ್ಲಿ ಇದೆ ಅಂತ ಜನ ನಂಬೋ 'ಚಾಂಪ್' ಅನ್ನೋ ದೈತ್ಯ ಪ್ರಾಣಿಯ ವ್ಯಾಪಾರ ಮಾತ್ರ ಊರ ತುಂಬ ಸ್ವಲ್ಪ ಜಾಸ್ತಿಯಾಯಿತು.

ಚರ್ಚ್ ಸ್ಟ್ರೀಟ್ ಬಗ್ಗೆ ಎಲ್ಲರೂ ಬರೆಯುತ್ತಾರೆ. 1981ರಿಂದ ವಾಹನ ನಿಲ್ಲಿಸಿ ನಡೆಯೋರಿಗೆ ಬಿಟ್ಟ ಬೀದಿ, ಎರಡೂ ಕಡೆ ಅಂಗಡಿ, ಹೋಟೆಲ್ಲು. ಚೆನ್ನಾಗಿದೆ. ಆದರೆ ದೋಣಿಯವರ ಕಣ್ಣಿಂದ ನೋಡಿದರೆ ಅದು ಗುಡ್ಡದ ಮೇಲಿದೆ. ದಡದಿಂದ ರೈಲು ಹಳಿ ದಾಟಿ, ಏರು ಹತ್ತಿ, ಹತ್ತು ಹದಿನೈದು ನಿಮಿಷ ನಡೆದರೆ ಸಿಗುತ್ತೆ. ಖಾಲಿ ಕೈಯಲ್ಲಿ ಹೋಗೋಕೆ ಪರವಾಗಿಲ್ಲ. ಕಷ್ಟ ಇರೋದು ದಿನಸಿಯಲ್ಲಿ. ಊರಿನವರೇ ಸದಸ್ಯರಾಗಿ ನಡೆಸೋ ಸಹಕಾರಿ ದಿನಸಿ ಅಂಗಡಿ ಇರೋದು ಚರ್ಚ್ ಸ್ಟ್ರೀಟನ್ನೂ ದಾಟಿ ಆಚೆಗೆ. ಹತ್ತು ಕಿಲೋ ಐಸು, ಹಾಲಿನ ಡಬ್ಬ, ನೀರಿನ ಬಾಟಲಿ ಹೊತ್ತುಕೊಂಡು ಇಳಿದು ಬರಬೇಕು. ನೀರಿನ ಪಕ್ಕದಲ್ಲಿ ಬಿಯರ್ ಸಲೀಸಾಗಿ ಸಿಗುತ್ತೆ, ಐಸ್‌ಕ್ರೀಮ್ ಸಿಗುತ್ತೆ. ಒಂದು ಸೇರು ಅಕ್ಕಿ ಬೇಕಂದ್ರೆ ಗುಡ್ಡ ಹತ್ತಿ. ಇದು ಸಣ್ಣ ದೂರಲ್ಲ. ದಡದಲ್ಲಿ ಏನು ಮಾರುತ್ತಾರೆ ಅನ್ನೋದು, ಆ ದಡಕ್ಕೆ ಯಾರು ಬರುತ್ತಾರೆ ಅಂತ ಊರು ಅಂದುಕೊಂಡಿದೆ ಅನ್ನೋದನ್ನು ಹೇಳಿಬಿಡುತ್ತೆ. ಹೋಟೆಲಲ್ಲಿ ಉಣ್ಣೋಕೆ ದುಡ್ಡಿರೋ ಅತಿಥಿಯನ್ನು ಮನಸ್ಸಲ್ಲಿಟ್ಟುಕೊಂಡಿದ್ದಾರೆ. ದೋಣಿಯಲ್ಲೇ ಸ್ಟೋವ್ ಹಚ್ಚಿ ಅನ್ನ ಮಾಡಿಕೊಳ್ಳುವವನನ್ನಲ್ಲ.

ಇಷ್ಟು ಬೈದ ಮೇಲೆ, ಈ ದಡ ಹೀಗಾದರೂ ಇರೋಕೆ ಏನು ಕಾರಣ ಅಂತ ಹೇಳದಿದ್ದರೆ ಅನ್ಯಾಯವಾಗುತ್ತೆ. ಯಾಕಂದ್ರೆ ಈ ದಡ ನಿಸರ್ಗ ಕೊಟ್ಟಿದ್ದಲ್ಲ. ಬಹುಪಾಲು ನೀರಿಗೆ ಮಣ್ಣು, ಮರದ ಸಿಪ್ಪೆ, ಕಲ್ಲು ತುಂಬಿ ಮಾಡಿದ ನೆಲ. ತುಂಬಿದವರು ಮರದ ವ್ಯಾಪಾರಿಗಳು, ರೈಲ್ವೆಯವರು. ಮರದ ಕಾಲ ಮುಗಿದ ಮೇಲೆ ಎಣ್ಣೆ ಟ್ಯಾಂಕುಗಳು ಬಂದವು, ರೈಲು ಯಾರ್ಡು, ಗುಜರಿ, 1954ರಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ. ಊರಿನ ಜನ ನೀರಿಗೆ ಬೆನ್ನು ಹಾಕಿ ಬದುಕುತ್ತಿದ್ದರು.

1981ರಲ್ಲಿ ಬರ್ನಿ ಸ್ಯಾಂಡರ್ಸ್ ಈ ಊರಿನ ಮೇಯರ್ ಆದರು, ಬರೀ ಹತ್ತು ವೋಟಿನ ಅಂತರದಲ್ಲಿ. ದಡದಲ್ಲಿ ಶ್ರೀಮಂತರ ಬಹುಮಹಡಿ ಮನೆಗಳು ಏಳೋ ಯೋಜನೆಯೊಂದು ಆಗ ಇತ್ತು, ಅದರ ವಿರುದ್ಧ ಊರು ಮಾರಾಟಕ್ಕಿಲ್ಲ ಅನ್ನೋದು ಅವರ ಘೋಷಣೆ. ಕಥೆ ಇಲ್ಲಿಗೆ ಮುಗಿದರೆ ಸಿನಿಮಾ ಆಗುತ್ತಿತ್ತು. ಮುಗಿಯಲಿಲ್ಲ. ಕೆಲವು ವರ್ಷದಲ್ಲಿ ಸ್ಯಾಂಡರ್ಸೇ ಇನ್ನೊಂದು ಯೋಜನೆಗೆ ಬೆಂಬಲ ಕೊಟ್ಟರು. ಆಲ್ಡನ್ ಯೋಜನೆ ಅಂತ ಹೆಸರು. ಹೋಟೆಲ್ಲು, ಮನೆಗಳು, ಜೊತೆಗೆ ಸಾರ್ವಜನಿಕ ಪಾರ್ಕು, ಬೋಟ್‌ಹೌಸು, ಎಲ್ಲ ಸೇರಿದ ಒಪ್ಪಂದ. ಅದಕ್ಕೆ ಬೇಕಾದ ಬಾಂಡ್ 1985ರಲ್ಲಿ ಮತಕ್ಕೆ ಬಂತು. ಮೂರನೇ ಎರಡರಷ್ಟು ಮತ ಬೇಕಿತ್ತು, ಸಿಗಲಿಲ್ಲ. ಮೇಯರ್ ಬೇಕು ಅಂದಿದ್ದನ್ನು ಅವರಿಗೇ ವೋಟು ಹಾಕಿದ ಊರು ಬೇಡ ಅಂತು.

ಆಮೇಲೆ ಜಗಳ ಕೋರ್ಟಿಗೆ ಹೋಯಿತು. ತುಂಬಿದ ನೆಲ ಯಾರದು ಅನ್ನೋದು ಪ್ರಶ್ನೆ. ತುಂಬಿದವರು ನಾವು, ನೆಲ ನಮ್ಮದು ಅಂತ ಸೆಂಟ್ರಲ್ ವರ್ಮಾಂಟ್ ರೈಲ್ವೆ ವಾದ. 1989ರಲ್ಲಿ ವರ್ಮಾಂಟ್ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ನೀರಿನ ತಳ ಜನರ ಪರವಾಗಿ ಸರ್ಕಾರ ನೋಡಿಕೊಳ್ಳೋ ಆಸ್ತಿ, ಅದರ ಮೇಲೆ ಮಣ್ಣು ಸುರಿದ ಮಾತ್ರಕ್ಕೆ ಜನರ ಹಕ್ಕು ಹೂತುಹೋಗಲ್ಲ. ರೈಲ್ವೆ ತನ್ನ ಕೆಲಸಕ್ಕೆ ಬಳಸಿಕೊಳ್ಳಬಹುದು, ಆದರೆ ಬೇರೆ ಖಾಸಗಿ ಉಪಯೋಗಕ್ಕೆ ಮಾರಿಕೊಳ್ಳೋ ಹಾಗಿಲ್ಲ. ಪಬ್ಲಿಕ್ ಟ್ರಸ್ಟ್ ಅನ್ನೋ ಈ ತತ್ವದ ದೊಡ್ಡ ಅಮೆರಿಕನ್ ತೀರ್ಪು 1892ರದು, ಶಿಕಾಗೋ ದಡದ ಬಗ್ಗೆ, ಅಲ್ಲೂ ಎದುರಿಗಿದ್ದದ್ದು ಒಂದು ರೈಲ್ವೆ ಕಂಪನಿಯೇ. ನಮಗೂ ಇದಕ್ಕೂ ನಂಟಿದೆ. ಮನಾಲಿಯಲ್ಲಿ ಬಿಯಾಸ್ ನದಿಯನ್ನು ರೆಸಾರ್ಟಿಗೋಸ್ಕರ ತಿರುಗಿಸಿದ್ದರ ಬಗ್ಗೆ ನಮ್ಮ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಕೊಟ್ಟ ಎಂ.ಸಿ. ಮೆಹ್ತಾ ಪ್ರಕರಣದ ತೀರ್ಪು ಆ ಶಿಕಾಗೋ ತೀರ್ಪನ್ನು ಉದ್ದಕ್ಕೆ ಚರ್ಚಿಸಿ, ಇದೇ ತತ್ವ ನಮ್ಮ ಕಾನೂನಿನ ಭಾಗ ಅಂತ ಹೇಳಿತು. ಕೆರೆ ಅಂಗಳದಲ್ಲಿ ಲೇಔಟ್ ಎದ್ದಾಗಲೆಲ್ಲ ನಮ್ಮ ವಕೀಲರು ಹಿಡಿದುಕೊಳ್ಳೋ ಹಗ್ಗದ ಇನ್ನೊಂದು ತುದಿ ಇಂಥ ದಡಗಳಲ್ಲಿದೆ.

ಹಾಗಾಗಿ ಬರ್ಲಿಂಗ್ಟನ್ ದಡದ ಅತಿ ದೊಡ್ಡ ಆಕರ್ಷಣೆ ಯಾವುದು ಅಂತ ನನ್ನ ಕೇಳಿದರೆ, ದಡದ ಹುಲ್ಲು ಅಂತೀನಿ. ವಾಟರ್‌ಫ್ರಂಟ್ ಪಾರ್ಕಿನ ಆ ಬರಿಯ ಹುಲ್ಲು. ದೋಣಿ ಕಟ್ಟಿ ಮೇಲೆ ಬಂದವನು ಯಾರನ್ನೂ ಕೇಳದೆ, ಏನನ್ನೂ ಕೊಳ್ಳದೆ, ಅಲ್ಲಿ ಕಾಲು ಚಾಚಿ ಮಲಗಬಹುದು. ಅದರ ಪಕ್ಕ ಸೈಕಲ್ ದಾರಿ ಹಾದುಹೋಗುತ್ತೆ. ಬಡಗಣಕ್ಕೆ ತುಳಿಯುತ್ತಾ ಹೋದರೆ ಹಳೇ ರೈಲು ಹಳಿ ಹಾಸಿದ್ದ ಅಮೃತಶಿಲೆ ಕಲ್ಲಿನ ಏರಿ. ಸರೋವರದ ನಡುವೆ ಮೈಲುಗಟ್ಟಲೆ, ಎರಡೂ ಕಡೆ ನೀರು. ಏರಿ ಒಂದು ಕಡೆ ತುಂಡಾಗಿದೆ, ದೋಣಿಗಳು ದಾಟಲಿ ಅಂತ ಬಿಟ್ಟಿದ್ದು. ಅಲ್ಲಿ ಬೇಸಿಗೆಯಲ್ಲಿ ಸೈಕಲ್‌ಗಳನ್ನು ದಾಟಿಸೋಕೇ ಒಂದು ಪುಟ್ಟ ದೋಣಿ ಇದೆ. ದೋಣಿಯಲ್ಲಿ ಬಂದವರು ಸೈಕಲ್ ಬಾಡಿಗೆ ಹಿಡಿದು, ಆ ಸೈಕಲ್ಲಿಗೆ ಮತ್ತೆ ದೋಣಿ ಹತ್ತಿಸೋ ತಮಾಷೆ ಬೇರೆಲ್ಲಿ ಸಿಗುತ್ತೆ ಹೇಳಿ.

ಆದರೆ ಈ ದಡಕ್ಕೆ ಒಂದು ರೋಗವಿದೆ. ಗೆದ್ದ ಜಾಗವನ್ನು ಏನು ಮಾಡಬೇಕು ಅಂತ ಗೊತ್ತಾಗದ ರೋಗ. ಆ ಕಲ್ಲಿದ್ದಲಿನ ಸ್ಥಾವರ, ಮೊರಾನ್ ಅಂತ ಹೆಸರು, 1986ರಲ್ಲಿ ನಿಂತಿತು. ಆಮೇಲೆ ಮೂವತ್ತು ವರ್ಷ ಯೋಜನೆ ಮೇಲೆ ಯೋಜನೆ. ಕೊನೆಗೆ ಇಟ್ಟಿಗೆ ಎಲ್ಲ ಕಿತ್ತು, ಉಕ್ಕಿನ ಅಸ್ಥಿಪಂಜರ ಉಳಿಸಿ, ಇದೇ ನಮ್ಮ ಸ್ಮಾರಕ ಅಂದರು. ನೀರಿನಿಂದ ನೋಡಿದರೆ ಸಂಜೆ ಬೆಳಕಲ್ಲಿ ಚೆಂದವಾಗಿ ಕಾಣುತ್ತೆ, ಸುಳ್ಳು ಹೇಳಲ್ಲ. ಆದರೆ ಹತ್ತಿರ ಹೋದರೆ, ತೀರ್ಮಾನ ಮಾಡಲಾಗದೆ ಬಿಟ್ಟ ಕಡತದ ಹಾಗಿದೆ. ಅದಕ್ಕಿಂತ ಪಕ್ಕದ ಸ್ಕೇಟ್ ಪಾರ್ಕ್ ಎಷ್ಟೋ ವಾಸಿ, ಅಲ್ಲಿ ಊರಿನ ಹುಡುಗರಿದ್ದಾರೆ. ಅಲ್ಲೇ ಹತ್ತಿರ ಕಮ್ಯುನಿಟಿ ಸೇಲಿಂಗ್ ಸೆಂಟರ್, ಸ್ವಂತ ದೋಣಿ ಇಲ್ಲದ ಮನೆಯ ಮಕ್ಕಳಿಗೂ ಹಾಯಿ ಹಿಡಿಯೋದು ಕಲಿಸುತ್ತಾರೆ. ಹೊರಗಿಂದ ಬಂದ ದೋಣಿಯವರಿಗೆ ಇದಕ್ಕಿಂತ ಒಳ್ಳೆ ಸ್ವಾಗತ ಇಲ್ಲ ಅನ್ನಿಸುತ್ತೆ. ಊರಿನವರೂ ನೀರಿನ ಮೇಲಿದ್ದರೆ ತಾನೇ ಬಂದವರು ಅತಿಥಿಗಳು? ಇಲ್ಲದಿದ್ದರೆ ಬರೀ ಗಿರಾಕಿಗಳು.

2019ರಲ್ಲಿ ಒಂದು ಹೊಸ ಮರೀನಾ ಬಂತು, ಖಾಸಗಿಯವರು ನಡೆಸೋದು, ಸುಮಾರು 160 ದೋಣಿಗಳಿಗೆ ಜಾಗ. ಜಾಗ ಸಾಲದೆ ವಾಪಸ್ ಹೋಗುತ್ತಿದ್ದ ದೋಣಿಯವರಿಗೆ ಅನುಕೂಲವಾಯಿತು, ಒಪ್ಪುತ್ತೀನಿ. ಆದರೆ ಹುಲ್ಲಿನ ಮೇಲೆ ಕೂತವನಿಗೆ ಮೊದಲು ಬರೀ ನೀರು ಕಾಣುತ್ತಿದ್ದ ಕಡೆ ಈಗ ಬಿಳಿ ದೋಣಿಗಳ ಸಾಲು ಕಾಣುತ್ತೆ. ನೆಲಕ್ಕೆ ಕೋರ್ಟು ಕೊಟ್ಟ ಉತ್ತರ ನೋಟಕ್ಕೂ ಅನ್ವಯಿಸುತ್ತಾ? ಒಂದು ದೋಣಿ ನಿಲ್ಲೋ ಜಾಗಕ್ಕೆ ಎಷ್ಟು ಜನರ ನೋಟ ಅಂತ ಲೆಕ್ಕ ಹಾಕೋ ವಿಧಾನ ನನಗಂತೂ ತೋಚಿಲ್ಲ.

ತೆಂಕಣ ಕಡೆ ಪರ್ಕಿನ್ಸ್ ಪಿಯರ್ ಅಂತ ಇನ್ನೊಂದು ದಕ್ಕೆ ಇದೆ. ಮಂಗಳೂರು, ಮಲ್ಪೆ ಕಡೆಯವರು ದಕ್ಕೆ ಅಂತಾರಲ್ಲ, ಆ ಅರ್ಥದಲ್ಲಿ. ಇದೂ ನಗರಸಭೆಯದೇ, ಟ್ರೇಲರ್‌ನಲ್ಲಿ ದೋಣಿ ತಂದು ಇಳಿಸುವವರ ಜಾಗ. ಅಲಂಕಾರ ಕಡಿಮೆ. ಫೋಟೋಗೆ ಯಾರೂ ಹೋಗಲ್ಲ. ಅದರ ನೆರೆಮನೆ ಯಾವುದು ಗೊತ್ತಾ? ಊರಿನ ಮುಖ್ಯ ಕೊಳಚೆ ಶುದ್ಧೀಕರಣ ಘಟಕ. ಈ ಊರಿನ ಹಳೇ ಭಾಗದಲ್ಲಿ ಮಳೆನೀರು, ಕೊಳಚೆ ಎರಡಕ್ಕೂ ಒಂದೇ ಕೊಳವೆ. ಜೋರು ಮಳೆ ಬಂದರೆ ಘಟಕಕ್ಕೆ ತಡೆದುಕೊಳ್ಳೋಕೆ ಆಗಲ್ಲ, ಕೆರೆ ಕೋಡಿ ಬಿದ್ದ ಹಾಗೆ ತುಂಬಿ ಹರಿದು ಸರೋವರ ಸೇರುತ್ತೆ. 2018ರ ಬೇಸಿಗೆಯಲ್ಲಿ ಹೀಗೆ ಮತ್ತೆ ಮತ್ತೆ ಆಗಿ, ಈಜೋ ತೀರಗಳನ್ನು ಮುಚ್ಚಬೇಕಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಊರಿನವರು ಸುಮಾರು 3 ಕೋಟಿ ಡಾಲರಿನ ಬಾಂಡಿಗೆ ದೊಡ್ಡ ಬಹುಮತದಿಂದ ಒಪ್ಪಿಗೆ ಕೊಟ್ಟರು. ಹೋಟೆಲ್ಲು, ಮನೆಗಳ ಯೋಜನೆಗೆ 1985ರಲ್ಲಿ ಸಾಕಷ್ಟು ಮತ ಬೀಳದ ಊರು, ಕೊಳವೆಗೆ ಕೈ ಬಿಚ್ಚಿ ಕೊಟ್ಟಿತು. ಈ ಊರಿನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇಲ್ಲಿ.

ಇಲ್ಲಿ ದೋಣಿಯವರ ಮೇಲಿನ ಕಟ್ಟುಪಾಡು ಗಮನಿಸಬೇಕು. ಶಾಂಪ್ಲೇನ್ ಸರೋವರಕ್ಕೆ ದೋಣಿಯ ಟಾಯ್ಲೆಟ್ ನೀರನ್ನು ಬಿಡೋ ಹಾಗಿಲ್ಲ, ಶುದ್ಧೀಕರಿಸಿದ್ದನ್ನೂ ಬಿಡೋ ಹಾಗಿಲ್ಲ. ಸರಿಯಾದ ಕಾನೂನೇ. ಬರ್ಲಿಂಗ್ಟನ್ ಕುಡಿಯೋ ನೀರು ಇದೇ ಸರೋವರದ್ದು. ಆದರೆ ಐವತ್ತು ಲೀಟರ್ ಟ್ಯಾಂಕ್ ಪಂಪ್ ಮಾಡಿಸೋಕೆ ಸಾಲಲ್ಲಿ ನಿಂತವನ ಮುಂದೆಯೇ ಇಡೀ ಊರಿನ ಕೋಡಿ ಹರಿದರೆ ಅವನಿಗೆ ಹೇಗನ್ನಿಸಬೇಡ? ಇನ್ನೂ ದೊಡ್ಡ ಪಾಲು ಹೊಲ ಗದ್ದೆ, ಹಸುವಿನ ಫಾರಂಗಳಿಂದ ಹರಿದು ಬರೋ ರಂಜಕದ್ದು. ಬಿಸಿಲು ಏರಿದರೆ ನೀರಿನ ಮೇಲೆ ನೀಲಿ ಹಸಿರು ಪಾಚಿ ಬಣ್ಣ ಬಳಿದ ಹಾಗೆ ಹಬ್ಬುತ್ತೆ, ವಿಷದ್ದು, ನಾಯಿಯನ್ನೂ ಇಳಿಸಬಾರದು. ಆಗ ಬೋಟ್‌ಹೌಸೂ ಇಲ್ಲ, ಉಯ್ಯಾಲೆಯೂ ಇಲ್ಲ. ದಡದ ಆಕರ್ಷಣೆ ಅನ್ನೋದು ಐವತ್ತು ಮೈಲಿ ದೂರದ ಗೊಬ್ಬರದ ಗುಂಡಿಯಲ್ಲಿ ತೀರ್ಮಾನ ಆಗಿರುತ್ತೆ. ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಹೊಲದವನು ಏನು ಸುರಿದನೋ ಅದೇ ಕೆರೆಗೆ.

ಕೊನೆಗೆ ಉಳಿಯೋದು, ಕಾರಿನವರು ನೋಡಲಾಗದ, ದೋಣಿಯಿದ್ದವರು ಮಾತ್ರ ತಲುಪಬಹುದಾದ ಮ್ಯೂಸಿಯಂ. ಅದು ನೀರಿನ ತಳದಲ್ಲಿದೆ. ಮುಳುಗಿದ ಹಳೇ ಹಡಗುಗಳನ್ನು ಎತ್ತದೆ, ಇದ್ದಲ್ಲೇ ಕಾಪಾಡೋ ವ್ಯವಸ್ಥೆಯನ್ನು ವರ್ಮಾಂಟ್ 1985ರಿಂದ ನಡೆಸಿಕೊಂಡು ಬಂದಿದೆ. ಮೇಲೆ ಹಳದಿ ತೇಲುಬುರುಡೆ, ಅದಕ್ಕೆ ದೋಣಿ ಕಟ್ಟಿ, ಮುಳುಗೋದು ಕಲಿತವರು ಕೆಳಗೆ ಇಳಿಯಬಹುದು. ಬರ್ಲಿಂಗ್ಟನ್ ಎದುರಿಗೇ ಇರೋದು 'ಜನರಲ್ ಬಟ್ಲರ್'. 1876ರ ಡಿಸೆಂಬರ್‌ನಲ್ಲಿ ಅಮೃತಶಿಲೆ ಹೊತ್ತು ಬರುವಾಗ ಬಿರುಗಾಳಿಗೆ ಸಿಕ್ಕಿ ಚುಕ್ಕಾಣಿ ಮುರಿದು, ಆ ಅಲೆತಡೆ ಗೋಡೆಗೇ ಬಡಿಯಿತು. ಒಂದೊಂದು ಅಲೆ ಹಡಗನ್ನು ಗೋಡೆಯ ಮಟ್ಟಕ್ಕೆ ಎತ್ತಿದಾಗ ಒಬ್ಬೊಬ್ಬರಾಗಿ ಹಿಮ ಕಟ್ಟಿದ ಕಲ್ಲಿನ ಮೇಲೆ ಹಾರಿ ಐದೂ ಜನ ಬದುಕಿದರು. ಹಡಗು ಮುಳುಗಿತು. ಗೋಡೆ ಮೇಲೆ ಮರಗಟ್ಟುತ್ತಿದ್ದವರನ್ನು ದಡದಿಂದ ಹುಟ್ಟು ಹಾಕಿಕೊಂಡು ಹೋಗಿ ಕರೆತಂದದ್ದು ಹಡಗಿನ ಸಾಮಾನು ಮಾರುತ್ತಿದ್ದ ಒಬ್ಬ ಅಂಗಡಿಯವನು ಮತ್ತು ಅವನ ಮಗ.

ಅದರ ಹತ್ತಿರದಲ್ಲೇ ಇನ್ನೊಂದಿದೆ, 1983ರಲ್ಲಿ ಸೋನಾರ್ ಹಾಕಿ ತಳ ಹುಡುಕುವಾಗ ಸಿಕ್ಕಿದ್ದು. ಕುದುರೆ ದೋಣಿ. ಉಗಿಯಂತ್ರ ಕೊಳ್ಳೋಕೆ ದುಡ್ಡಿಲ್ಲದವರು ದೋಣಿಯೊಳಗೆ ಅಡ್ಡಲಾಗಿ ದೊಡ್ಡ ಚಕ್ರ ಇಟ್ಟು, ಅದರ ಮೇಲೆ ಎರಡು ಕುದುರೆಗಳನ್ನು ನಿಲ್ಲಿಸಿ ನಡೆಸುತ್ತಿದ್ದರು. ಕುದುರೆ ನಿಂತಲ್ಲೇ ನಡೆದರೆ ಚಕ್ರ ತಿರುಗಿ, ಪಕ್ಕದ ಹುಟ್ಟುಗಾಲಿಗಳು ನೀರು ತಳ್ಳುತ್ತಿದ್ದವು. ಗಾಣದ ಎತ್ತನ್ನು ನೋಡಿದವರಿಗೆ ತಕ್ಷಣ ಅರ್ಥ ಆಗುತ್ತೆ. 1993ರಲ್ಲಿ ಈ ಸರೋವರಕ್ಕೆ ಜೀಬ್ರಾ ಮಸ್ಸೆಲ್ ಅನ್ನೋ ಹೊರನಾಡಿನ ಪುಟ್ಟ ಚಿಪ್ಪುಹುಳು ಬಂತು. ದೋಣಿಗಳ ತಳಕ್ಕೆ, ದೋಣಿಯೊಳಗೆ ನಿಂತ ನೀರಿಗೆ ಸೇರಿಕೊಂಡು ಅದು ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುತ್ತೆ. ಅವು ಈ ಹಡಗುಗಳ ಹಲಗೆ ಮೇಲೂ ಕಂತೆಕಂತೆಯಾಗಿ ಅಂಟಿಕೊಂಡಿವೆ. ಕಾಲುವೆ ತೆರೆದುಕೊಂಡ ಊರಿಗೆ ಅತಿಥಿಗಳ ಜೊತೆ ಇದೂ ಬರುತ್ತೆ. ಹಾಗಾಗಿ ದೋಣಿ ನೀರಿನಿಂದ ಎತ್ತಿದ ಮೇಲೆ ತಳ ಉಜ್ಜಿ, ನೀರು ಪೂರ್ತಿ ಬಸಿದು, ಒಣಗಿಸಿ ಅಂತ ಇಲ್ಲಿನವರು ಬಂದವರಿಗೆಲ್ಲ ಹೇಳುತ್ತಾರೆ. ಹೆಚ್ಚಿನವರು ಉಜ್ಜುತ್ತಾರೆ ಕೂಡ, ಕೈಯಲ್ಲಿ ಐಸ್‌ಕ್ರೀಮ್ ಹಿಡಿದು ನಿಂತು ನೋಡೋ ಜನರ ಮುಂದೆ.